ಮೀನು ಬಿಟ್ಟ ದಿನಗಳು

ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ "ಬೊಂಡಾಸ ತಿನ್ನುವುದು" ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಹೇಳಿದ್ದರಲ್ಲಿ ಸುಳ್ಳಿರುವುದಿಲ್ಲ.

ದುಬೈಯ ದೇರಾದಲ್ಲಿ ನಮ್ಮದೊಂದು ಸಣ್ಣ ಆಫೀಸು. ನಮ್ಮ ಕರಾವಳಿಯ ಕಾರ್ಖಾನೆಗಳಲ್ಲಿ ಹೆಪ್ಪುಗಟ್ಟಿಸಿದ ಬೊಂಡಾಸ, ಸಿಗಡಿಗಳನ್ನು ಯುರೋಪಿನವರಿಗೆ ಮಾರುವುದು ನಮ್ಮ ವ್ಯಾಪಾರ. ಹೋಟೆಲಿನ ಮೆನುವಿನಲ್ಲಿ ಸ್ಕ್ವಿಡ್ ಎಂದು ಬರೆದಿರುತ್ತದಲ್ಲ, ಅದೇ ಬೊಂಡಾಸ. ಮಾಲು ದುಬೈಯ ಮುಖ ನೋಡುವುದಿಲ್ಲ. ಊರಿನ ಬಂದರಿನಲ್ಲೇ ಕಂಟೇನರ್ ಹತ್ತಿ ನೇರವಾಗಿ ಸ್ಪೇನಿಗೋ ಇಟಲಿಗೋ ಹೋಗುತ್ತದೆ. ಅದಕ್ಕೂ ಮೊದಲು ಥರ್ಮಕೋಲ್ ಪೆಟ್ಟಿಗೆಯಲ್ಲಿ ಸ್ಯಾಂಪಲ್ ಮಾತ್ರ ವಿಮಾನದಲ್ಲಿ ನಮ್ಮಲ್ಲಿಗೆ ಬರುತ್ತದೆ. ಅದನ್ನು ಪರೀಕ್ಷಿಸಿ ಹೌದು ಅಥವಾ ಅಲ್ಲ ಅನ್ನುವುದು ನನ್ನ ಪಾಲಿನ ಕೆಲಸ. ಮೀನಿಗೆ ತೊಡಿಸಿದ ತೆಳುವಾದ ಹಿಮದ ಪದರವನ್ನು ನಲ್ಲಿಯ ಕೆಳಗೆ ಹಿಡಿದು ಕರಗಿಸಬೇಕು, ತೂಗಬೇಕು, ಬಣ್ಣ ನೋಡಬೇಕು, ಮೂಸಬೇಕು, ಕೊನೆಗೆ ಬರೀ ನೀರಿನಲ್ಲಿ ಬೇಯಿಸಿ ತಿನ್ನಬೇಕು. ಉಪ್ಪು ಹಾಕುವಂತಿಲ್ಲ, ಹುಳಿ ಖಾರದ ಮಾತೇ ಇಲ್ಲ. ಮಸಾಲೆ ಬಿದ್ದರೆ ಮೀನಿನ ದೋಷವೆಲ್ಲ ಮುಚ್ಚಿಹೋಗುತ್ತದೆ. ನನ್ನ ಅಮ್ಮ ಇದನ್ನು ನೋಡಿದ್ದರೆ "ಬೆಕ್ಕಿಗೂ ಹೀಗೆ ಬೇಯಿಸಿ ಹಾಕೂದಿಲ್ಲ" ಎನ್ನುತ್ತಿದ್ದಳು.

ಈ ಆಫೀಸಿನ ಯಜಮಾನರು ಉಡುಪಿ ಕಡೆಯ ಬ್ಯಾರಿ. ಹಜ್ ಮಾಡಿ ಬಂದವರು, ಹಾಗಾಗಿ ಎಲ್ಲರೂ ಹಾಜಿಯವರೇ ಎಂದು ಕರೆಯುವುದು. ಮುಂಗೋಪಿ, ಧಾರಾಳಿ. ಬೆಳಿಗ್ಗೆ ಬೈದವರು ಮಧ್ಯಾಹ್ನ ಮನೆಯಿಂದ ಬಂದ ಬಿರಿಯಾನಿಯ ಡಬ್ಬಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಬೈದದ್ದನ್ನು ಮರೆತರೋ, ಬೈದದ್ದಕ್ಕೇ ಇಟ್ಟರೋ ಎಂದು ನಾನು ಕೇಳಿದ್ದಿಲ್ಲ.

ನಾನು ಬಾಡಿಗೆಗೆ ಇರುವುದು ಅಲ್ ಬರ್ಷಾದ ಒಂದು ಫ್ಲ್ಯಾಟಿನ ಒಂದು ಕೋಣೆಯಲ್ಲಿ. ಮನೆ ಬಾಗಲಕೋಟೆ ಕಡೆಯ ಎಂಜಿನಿಯರ್ ದಂಪತಿಯದು. ಅಪ್ಪಟ ಸಸ್ಯಾಹಾರಿಗಳು. ಕೋಣೆ ನೋಡಲು ಹೋದ ದಿನವೇ ಆ ಹೆಂಗಸು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, "ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ, ಇಲ್ಲಿ ಮೀನ ಗೀನ ನಡಂಗಿಲ್ರಿ" ಎಂದು ಹೇಳಿದರು. ನಾನು ತಲೆಯಾಡಿಸಿದೆ. ದಿನವಿಡೀ ಮೀನಿನ ಜೊತೆ ಇರುವವಳಿಗೆ ಸಂಜೆ ರೊಟ್ಟಿ ಪಲ್ಯ ಸಿಗುವುದೇ ಹಿತವೆನಿಸಿತ್ತು. ಮೆಟ್ರೋದಿಂದ ಇಳಿದು ಬಂದವಳು ಕೈಗೆ ನಿಂಬೆಹಣ್ಣು ಉಜ್ಜಿಕೊಂಡೇ ಅವರ ಅಡುಗೆಮನೆಯ ಹೊಸ್ತಿಲು ದಾಟುತ್ತೇನೆ.

"ಊರಾಗ ಯಜಮಾನ್ರು ಅದಾರೇನ್ರಿ?" ಎಂದು ಒಮ್ಮೆ ಕೇಳಿದ್ದರು. "ಇದ್ದಾರೆ" ಎಂದಿದ್ದೆ. ಅದೂ ಸುಳ್ಳಲ್ಲ. ಊರಿನಲ್ಲಿ ಇದ್ದರು, ನನ್ನ ಜೊತೆ ಇರಲಿಲ್ಲ, ಅಷ್ಟೆ.

ನನ್ನ ಗಂಡ ಬೋಟಿನ ತಾಂಡೇಲರಾಗಿದ್ದರು. ಬೋಟು ನಡೆಸುವವರು, ಬಲೆ ಎಲ್ಲಿ ಬಿಡಬೇಕೆಂದು ಹೇಳುವವರು. ನಾನು ಊರಿನ ಮೀನು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೆ. ಅವರು ಹಿಡಿದು ತಂದದ್ದನ್ನು ನಾನು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವುದು. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಅವರ ಪ್ರಕಾರ ಬೊಂಡಾಸ ಮೀನೇ ಅಲ್ಲ. "ಎಲುಬಿಲ್ಲ, ಚೂರೂ ನಾಚಿಕೆಯಿಲ್ಲ, ಅದನ್ನು ತಿನ್ನುವವರಿಗೂ ಇಲ್ಲ" ಎನ್ನುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಮನೆ ದೊಡ್ಡದು, ಜನ ಬಹಳ, ಎಲ್ಲರ ಕಣ್ಣೂ ನನ್ನ ಹೊಟ್ಟೆಯ ಮೇಲೆ. ನನ್ನ ನಾಲಿಗೆಯೂ ಸುಮ್ಮನಿರುವ ಜಾತಿಯದಲ್ಲ. ದುಬೈಯಲ್ಲಿ ಕೆಲಸ ಸಿಕ್ಕಿದಾಗ ಹೋಗುತ್ತೇನೆ ಎಂದೆ. ಅವರು ಹೋಗು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮೊದಮೊದಲು ಫೋನು ಮಾಡುತ್ತಿದ್ದೆವು. ಆಮೇಲೆ ಯಾರು ಮೊದಲು ಮಾಡಬೇಕು ಎನ್ನುವುದೇ ದೊಡ್ಡದಾಯಿತು. ಕೋರ್ಟು, ಪಂಚಾಯಿತಿ ಯಾವುದೂ ಇಲ್ಲದೆ ನಮ್ಮ ಸಂಸಾರ ನಿಂತುಹೋಯಿತು.

ಕರಿಮಣಿಯ ಮಾತು ಹೇಳಬೇಕು. ಮೀನು ಕಾರ್ಖಾನೆಯೊಳಗೆ ಮೈಮೇಲೆ ಒಂದು ಚೂರು ಲೋಹವೂ ಇರಬಾರದು. ಮಾಲಿಗೆ ಬಿದ್ದರೆ ಯುರೋಪಿನವರು ಇಡೀ ಕಂಟೇನರನ್ನೇ ತಿರುಗಿಸಿ ಕಳಿಸುತ್ತಾರೆ. ಬಳೆ, ಉಂಗುರ, ಕಿವಿಯೋಲೆ, ಕರಿಮಣಿ ಎಲ್ಲವನ್ನೂ ಬಾಗಿಲಲ್ಲೇ ತೆಗೆದಿಟ್ಟು ಒಳಗೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ಅತ್ತೆ ಇದಕ್ಕೆ ದೊಡ್ಡ ರಂಪ ಮಾಡಿದ್ದರು. ದಿನಾ ತೆಗೆಯುವುದು, ದಿನಾ ಹಾಕಿಕೊಳ್ಳುವುದು ಅಭ್ಯಾಸವಾಯಿತು. ದುಬೈಗೆ ಬಂದ ಮೇಲೆ ಯಾವತ್ತೋ ಒಂದು ದಿನ ತೆಗೆದದ್ದನ್ನು ಮತ್ತೆ ಹಾಕಿಕೊಳ್ಳಲಿಲ್ಲ. ನನಗೇ ಅದು ಯಾವ ದಿನವೆಂದು ನೆನಪಿಲ್ಲ.

ಗಂಡ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಮೊಬೈಲಿನಲ್ಲಿ, ಮೆಟ್ರೋದಲ್ಲಿ ನಿಂತಿದ್ದಾಗ. ಕೊಲ್ಲಿಯಲ್ಲಿರುವ ನಮ್ಮ ಕಡೆಯವರದೊಂದು ವಾಟ್ಸಾಪ್ ಗುಂಪಿದೆ. ಬೆಳಿಗ್ಗೆ ಹೂವಿನ ಚಿತ್ರ, ಸಂಜೆ ದೇವರ ಚಿತ್ರ, ನಡುವೆ ಯಾರಾದರೂ ಸತ್ತ ಚಿತ್ರ. ಅವರ ಫೋಟೋ ಬಂದಿತ್ತು, ಸುತ್ತ ಮಲ್ಲಿಗೆಯ ಹಾರ ಬಿಡಿಸಿ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಹೃದಯಾಘಾತ. ಮೃತರು ತಾಯಿ, ಅಕ್ಕ, ತಮ್ಮಂದಿರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ ಎಂದಿತ್ತು. ಫೋಟೋ ನಮ್ಮ ಮದುವೆಯದು. ನನ್ನ ಭಾಗವನ್ನು ಕತ್ತರಿಸಿದ್ದರು. ಆದರೂ ಅವರ ಹೆಗಲಿನ ಪಕ್ಕ ನನ್ನ ಸೀರೆಯ ಹಸಿರು ಅಂಚು ಸ್ವಲ್ಪ ಉಳಿದುಬಿಟ್ಟಿತ್ತು.

ಅದರ ಕೆಳಗೆ ಜನ ಕೈಮುಗಿದ ಚಿಹ್ನೆಗಳನ್ನು ಹಾಕುತ್ತಾ ಹೋದರು. ಓಂ ಶಾಂತಿ, ಓಂ ಶಾಂತಿ. ನಾನು ಏನು ಹಾಕಬೇಕೆಂದು ತಿಳಿಯಲಿಲ್ಲ. ಸ್ವಂತ ಗಂಡನಿಗೆ ಓಂ ಶಾಂತಿ ಎಂದು ಗುಂಪಿನಲ್ಲಿ ಹಾಕುವುದುಂಟೆ? ಸುಮ್ಮನೆ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ. ನನ್ನ ನಿಲ್ದಾಣ ದಾಟಿ ಹೋಗಿತ್ತು. ಮುಂದಿನದರಲ್ಲಿ ಇಳಿದು ಬಿಸಿಲಿನಲ್ಲಿ ಆಫೀಸಿನವರೆಗೆ ನಡೆದೆ.

ಊರಿಗೆ ಹೋಗುವ ಪ್ರಶ್ನೆ ಇರಲಿಲ್ಲ. ಸುದ್ದಿ ಓದುವ ಹೊತ್ತಿಗೆ ಸಂಸ್ಕಾರ ಮುಗಿದಿತ್ತು. ಹೋದರೂ ಯಾರಾಗಿ ಹೋಗುವುದು? ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಬಂದವರ ಜೊತೆ ಒಂದು ಲೋಟ ಕಾಫಿ ಕುಡಿದು ಎದ್ದು ಬರುವುದೆ? ಅತ್ತೆಗೆ ಫೋನು ಮಾಡೋಣವೆಂದು ಎಷ್ಟೋ ಸಲ ನಂಬರಿನವರೆಗೆ ಹೋದೆ. ಅವರಾಗಿಯೇ ಒಂದು ಮಾತು ತಿಳಿಸಲಿಲ್ಲವಲ್ಲ ಎನ್ನುವ ಸಿಟ್ಟು ನನ್ನ ಬೆರಳನ್ನು ಹಿಡಿದು ನಿಲ್ಲಿಸಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಬೊಜ್ಜದವರೆಗೆ ಮೀನು ಮುಟ್ಟುವುದಿಲ್ಲ. ಬೊಜ್ಜವೆಂದರೆ ಸತ್ತವರ ಹೆಸರಿನಲ್ಲಿ ಮಾಡುವ ಕೊನೆಯ ಕಾರ್ಯ. ಅದು ಮುಗಿದ ಮೇಲೆ ಮನೆಮಂದಿ ಒಟ್ಟಿಗೆ ಕೂತು ಮೀನು ತಿನ್ನುತ್ತಾರೆ, ಅಲ್ಲಿಗೆ ಸೂತಕ ಕಳೆಯುತ್ತದೆ. ಹುಟ್ಟಿದಾಗಿನಿಂದ ಮೀನಿಲ್ಲದೆ ಅನ್ನ ಇಳಿಯದ ಜನ ನಾವು. ಅಂಥವರು ಸತ್ತವರಿಗಾಗಿ ಬಿಡುವುದು ಮೀನನ್ನೇ. ಬೇರೆ ಏನನ್ನು ಬಿಟ್ಟರೂ ಅದು ಲೆಕ್ಕಕ್ಕೆ ಬಾರದು.

ಅವತ್ತು ನನ್ನ ಮೇಜಿನ ಮೇಲೆ ಸ್ಯಾಂಪಲ್ ಬಂದು ಕೂತಿತ್ತು. ಹಿಮ ಕರಗಿಸಿದೆ, ತೂಗಿದೆ, ಬೇಯಿಸಿದೆ. ಚಮಚದಲ್ಲಿ ಎತ್ತಿಕೊಂಡು ಬಾಯಿಯ ಹತ್ತಿರ ತಂದವಳು ಹಾಗೆಯೇ ಕೆಳಗಿಟ್ಟೆ. ನಾನು ಹೆಂಡತಿಯಾದರೆ ಇದನ್ನು ತಿನ್ನುವಂತಿಲ್ಲ. ಹೆಂಡತಿಯಲ್ಲದಿದ್ದರೆ ಬಿಡುವ ಅಗತ್ಯವಿಲ್ಲ. ತೆಗೆಯಲು ಕೊರಳಲ್ಲಿ ಕರಿಮಣಿ ಇರಲಿಲ್ಲ, ಒಡೆಯಲು ಕೈಯಲ್ಲಿ ಬಳೆ ಇರಲಿಲ್ಲ. ಅತ್ತರೆ ಯಾರ ಮುಂದೆ ಅಳುವುದು? ಅವರಿಗಾಗಿ ಬಿಡಬಹುದಾದದ್ದು ಇದೊಂದೇ ಉಳಿದಿತ್ತು. ಬೊಂಡಾಸ ಮೀನೇ ಅಲ್ಲ ಎನ್ನುತ್ತಿದ್ದ ಮನುಷ್ಯನಿಗೋಸ್ಕರ ಬೊಂಡಾಸ ಬಿಡಬೇಕೆ ಎಂದು ಒಂದು ಕ್ಷಣ ನಗುವೂ ಬಂತು. ನಕ್ಕದ್ದಕ್ಕೆ ನಾಚಿಕೆಯಾಗಿ ತಟ್ಟೆಯನ್ನು ತೊಟ್ಟಿಗೆ ಸುರಿದೆ.

ಅಲ್ಲಿಂದ ಮುಂದೆ ಮೂಗು ಮತ್ತು ಬೆರಳಿನಲ್ಲೇ ಕೆಲಸ ಸಾಗಿಸಿದೆ. ಮೂಸಿ, ಒತ್ತಿ ನೋಡಿ ತೀರ್ಪು ಹೇಳುತ್ತಿದ್ದೆ. ಸಂಶಯ ಬಂದದ್ದನ್ನು ಬದಿಗಿಡುತ್ತಿದ್ದೆ. ಹಾಜಿಯವರಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ಇನ್ನೂ ವಿಚಿತ್ರ. ಊರಿನಲ್ಲಾದರೆ ಮೀನು ಬಿಟ್ಟವಳನ್ನು ನೋಡಿ ನೆರೆಮನೆಯವರು "ಯಾರು ಹೋದದ್ದು?" ಎಂದು ಕೇಳುತ್ತಾರೆ. ಇಲ್ಲಿ ನಾನು ತಿನ್ನುತ್ತಿದ್ದದ್ದೇ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೀನು ಬಿಟ್ಟಿದ್ದೇನೆಂದು ಗೊತ್ತಾಗಲು ಮೀನು ತಿನ್ನುವ ಮನೆಯಾದರೂ ಇರಬೇಕಲ್ಲ. ಒಂದು ಸಂಜೆ ನನ್ನ ಮುಖ ನೋಡಿ ಆ ಹೆಂಗಸು, "ಯಾಕ್ರಿ ಅಕ್ಕಾರ, ಸೊರಗೀರಿ? ಇನ್ನೊಂದ ರೊಟ್ಟಿ ತಿನ್ರಿ, ಬೆಣ್ಣಿ ಹಚ್ಚಿ ಕೊಡ್ತೀನಿ" ಎಂದರು. ಹೇಳಿಬಿಡಬೇಕು ಅನ್ನಿಸಿತು. ಆದರೆ "ಇದ್ದಾರೆ" ಎಂದು ಹೇಳಿದವಳು ಈಗ "ಇಲ್ಲ" ಎನ್ನಬೇಕಾದರೆ ನಡುವಿನದನ್ನೆಲ್ಲ ಬಿಚ್ಚಬೇಕು. ರೊಟ್ಟಿ ತಿಂದು ಎದ್ದೆ. ವಾರದ ಕೊನೆಯಲ್ಲಿ ಅವರು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿರುವ ಅಣ್ಣನ ಮನೆಗೆ ಹೋದರು. ಎರಡು ದಿನ ಫ್ಲ್ಯಾಟಿನಲ್ಲಿ ಎ.ಸಿ.ಯ ಸದ್ದು ಬಿಟ್ಟರೆ ನಾನು ಮಾತ್ರ. ಸೂತಕದವರನ್ನು ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ನನ್ನನ್ನು ಮುಟ್ಟದಿರಲೂ ಯಾರೂ ಇರಲಿಲ್ಲ. ನನ್ನನ್ನು ಅಷ್ಟು ಒಂಟಿತನ ಅದಕ್ಕೂ ಮೊದಲು ಕಾಡಿರಲಿಲ್ಲ. ಗಂಡನನ್ನು ಬಿಟ್ಟು ಬಂದ ದಿನವೂ ಕಾಡಿರಲಿಲ್ಲ.

ಅಷ್ಟರಲ್ಲಿ ಸ್ಪೇನಿನ ಗಿರಾಕಿ ಬಂದರು.

ಅವರು ವಯಸ್ಸಾದವರು. ಉತ್ತರ ಸ್ಪೇನಿನ ಒಂದು ಬಂದರಿನಲ್ಲಿ ತಂದೆಯ ಕಾಲದಿಂದಲೂ ಮೀನಿನ ವ್ಯಾಪಾರ. ಒಮಾನಿಗೆ ಹೋಗುವ ದಾರಿಯಲ್ಲಿ ವರ್ಷಕ್ಕೊಮ್ಮೆ ದುಬೈಯಲ್ಲಿ ಇಳಿದು ನಮ್ಮ ಹೊಸ ಋತುವಿನ ಮಾಲನ್ನು ಸ್ವತಃ ರುಚಿ ನೋಡಿ ಆರ್ಡರ್ ಕೊಡುತ್ತಾರೆ. ಅವರಿಗೊಂದು ನಿಯಮವಿದೆ. ಮಾರುವವರು ಮೊದಲು ತಿನ್ನಬೇಕು, ಕೊಳ್ಳುವವನು ಆಮೇಲೆ. ಅವರ ತಂದೆ ಹಡಗುಕಟ್ಟೆಯಲ್ಲಿ ಹಾಗೆಯೇ ಮಾಡುತ್ತಿದ್ದರಂತೆ. ನಮ್ಮಲ್ಲಿ ಹಾಗೆ ಮೊದಲು ತಿನ್ನುವವಳು ನಾನು. ಪ್ರತಿ ವರ್ಷ ನಾನು ಜಗಿದು ನುಂಗುವವರೆಗೆ ಅವರು ನನ್ನ ಮುಖವನ್ನೇ ನೋಡುತ್ತಾ ಕೂತಿರುತ್ತಾರೆ, ಆಮೇಲೆ ನಕ್ಕು ತಮ್ಮ ತುಂಡಿಗೆ ಕೈಹಾಕುತ್ತಾರೆ.

ಅವತ್ತು ಹಾಜಿಯವರು ಅರಬರು ಹಾಕುವ ಉದ್ದನೆಯ ನಿಲುವಂಗಿ, ಹೊಸ ಕಂದೂರ ತೊಟ್ಟು, ಊದಿನ ಅತ್ತರು ಹಚ್ಚಿಕೊಂಡು ಬಂದಿದ್ದರು. ಆಫೀಸಿನ ಹಿಂದಿನ ಅಡುಗೆಕೋಣೆಯಲ್ಲಿ ಮೇಜು ಹಾಸಿತ್ತು. ಬೊಂಡಾಸ ನಿಜಕ್ಕೂ ಚೆನ್ನಾಗಿತ್ತು, ಹಾಲಿನಂತೆ ಬಿಳಿ, ಬೇಯುವಾಗಿನ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಬೆಂದದ್ದನ್ನು ಎರಡು ತಟ್ಟೆಗೆ ಹಾಕಿ ಒಂದನ್ನು ಗಿರಾಕಿಯ ಮುಂದೆ, ಒಂದನ್ನು ನನ್ನ ಮುಂದೆ ಇಟ್ಟೆ. ಅವರು ಎಂದಿನಂತೆ ಕೈಕಟ್ಟಿ ನನ್ನ ಮುಖ ನೋಡಿದರು.

"ಈ ಸಲ ನೀವೇ ಮೊದಲು ನೋಡಿ" ಎಂದೆ.

ಅವರ ಹುಬ್ಬು ಮೇಲೇರಿತು. "ನೀವು?"

"ನನಗೆ ಇವತ್ತು ಬೇಡ."

ನನ್ನ ತಟ್ಟೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಫೋರ್ಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಹಾಜಿಯವರ ಕಡೆ ತಿರುಗಿ, "ಈ ಮಾಲಿನಲ್ಲಿ ಏನೋ ಇದೆ" ಎಂದರು. ಸಿಟ್ಟಿನಿಂದಲ್ಲ. ದೋಷ ಗೊತ್ತಿದ್ದೂ ನಾನು ಮುಚ್ಚಿಟ್ಟೆ ಎಂಬ ಬೇಸರದಿಂದ.

ಹಾಜಿಯವರ ಮುಖ ಕೆಂಪಾಯಿತು. ಕನ್ನಡಕ್ಕೆ ತಿರುಗಿದರು. "ಎಂತ ಆಯ್ತು ನಿಮ್ಗೆ? ಮಾಲು ಹಾಳುಂಟಾ?"

"ಇಲ್ಲ ಹಾಜಿಯವ್ರೇ. ಒಳ್ಳೇದುಂಟು."

"ಒಳ್ಳೇದುಂಟಾದ್ರೆ ತಿನ್ನಿ. ಒಂದು ತುಂಡು. ಯಲ್ಲಾ, ಬೇಗ."

"ತಿನ್ಲಿಕ್ಕೆ ಆಗುದಿಲ್ಲ."

"ಜ್ವರವಾ?"

"ಅಲ್ಲ."

"ಮತ್ತೆಂತ ಮಾರಾಯ್ತಿ! ಇವ್ರು ಎದ್ದು ಹೋದ್ರೆ ಖಲಾಸ್, ಊರಲ್ಲಿ ಫ್ಯಾಕ್ಟರಿಯವ್ರಿಗೆ ಎಂತ ಹೇಳುದು ನಾನು?"

ಬಿಸಿತುಪ್ಪದ ಹಾಗಾಯಿತು ನನಗೆ, ನುಂಗಲೂ ಆಗದು ಉಗುಳಲೂ ಆಗದು. ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಎಲ್ಲವೂ ಸರಿಹೋಗುತ್ತಿತ್ತು. ಊರಿನಲ್ಲಿ ನನ್ನನ್ನು ಹೆಂಡತಿ ಎಂದು ಎಣಿಸದವರಿಗೆ ನಾನು ತಿಂದೆನೋ ಬಿಟ್ಟೆನೋ ಎಂದು ತಿಳಿಯುವುದೂ ಇಲ್ಲ. ಸತ್ತವರು ಬಂದು ಕೇಳುವುದಿಲ್ಲ. ತುಂಡನ್ನು ಚುಚ್ಚಿ ಎತ್ತಿಯೂ ಎತ್ತಿದೆ. ತಿಂದರೆ ನಾನು ಅವರಿಗೆ ಯಾರೂ ಅಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ ಎನಿಸಿತು. ಯಾರೂ ಅಲ್ಲ ಎಂದು ಅವರ ಮನೆಯವರು ಹೇಳಿದ್ದು ನೋವಾಗಿತ್ತು. ನಾನೇ ಹೇಳುವುದು ನನ್ನಿಂದ ಆಗಲಿಲ್ಲ.

"ನನ್ನ ಗಂಡ ತೀರಿಕೊಂಡಿದ್ದಾರೆ ಹಾಜಿಯವ್ರೇ" ಎಂದೆ. "ನಮ್ಮಲ್ಲಿ ಮೀನು ತಿನ್ಲಿಕ್ಕಿಲ್ಲ."

ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನ್ನ ಧ್ವನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಹಾಜಿಯವರು ಬಾಯೊಳಗೇ ಪ್ರಾರ್ಥನೆಯ ಮಾತು ಹೇಳಿಕೊಂಡು ಕುರ್ಚಿಯಲ್ಲಿ ಕುಸಿದರು.

"ಯಾವಾಗ?"

"ತುಂಬ ದಿನ ಆಯ್ತು."

"ತುಂಬ ದಿನವಾ? ದಿನಾ ಆಫೀಸಿಗೆ ಬಂದ್ರಲ್ಲ ನೀವು! ಎಂತಕ್ಕೆ ಹೇಳ್ಲಿಲ್ಲ?"

"ಹೇಳ್ಲಿಕ್ಕೆ... ನಾವು ಒಟ್ಟಿಗೆ ಇರ್ಲಿಲ್ಲ. ನಂಗೆ ಯಾರೂ ತಿಳಿಸ್ಲಿಲ್ಲ. ಮೊಬೈಲಲ್ಲಿ ನೋಡಿದ್ದು."

ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ನಮ್ಮ ಹೆಂಗಸ್ರು ಇದ್ದತ್ ಕೂತ್ಕೊಳ್ತಾರೆ. ಗಂಡ ಹೋದ್ರೆ ತಿಂಗಳುಗಟ್ಲೆ ಮನೆಯಲ್ಲೇ. ಆದ್ರೆ ಮನೆ ತುಂಬ ಜನ ಇರ್ತಾರೆ, ತಂಗಿಯಂದ್ರು, ನೆರೆಕರೆಯವ್ರು. ನೀವು ಒಬ್ಬರೇ ಎಂತ ಕೂತ್ಕೊಂಡದ್ದು?" ಎಂದರು. ಬೈಗುಳದ ಹಾಗೆ ಹೇಳಿದರು. ಕಣ್ಣು ಒರೆಸಿಕೊಂಡರು.

ಗಿರಾಕಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದರು. ಹಾಜಿಯವರು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಗಂಡ, ಸಾವು, ಮೀನು. ಆ ಮುದುಕರು ಎದ್ದು ನಿಂತರು. ನನ್ನ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಮತ್ತೆ ಕೂತು, ತಮ್ಮ ಮುಂದಿದ್ದ ತಟ್ಟೆಯನ್ನು ಕೈಯಿಂದ ಆಚೆ ಸರಿಸಿದರು. "ಹಾಗಾದರೆ ನಾನೂ ಇವತ್ತು ತಿನ್ನುವುದಿಲ್ಲ" ಎಂದರು. "ಒಮಾನಿಗೆ ಹೋಗಿ ಇದೇ ದಾರಿಯಲ್ಲಿ ಮರಳಿ ಬರುತ್ತೇನೆ. ನಿಮ್ಮ ಶೋಕ ಯಾವ ದಿನ ಮುಗಿಯುತ್ತದೆ ಹೇಳಿ, ಅವತ್ತು ಒಟ್ಟಿಗೆ ತಿನ್ನೋಣ."

ಅವರು ಕೇಳಿದ್ದು ಸರಳವಾದ ಪ್ರಶ್ನೆ. ಆದರೆ ಬೊಜ್ಜ ಯಾವತ್ತು ಎಂದು ಮನೆಯವರು ದಿನ ನೋಡಿ ಇಡುತ್ತಾರೆ, ಒಬ್ಬೊಬ್ಬರಲ್ಲಿ ಒಂದೊಂದು ಕ್ರಮ. ನನಗೆ ಹೇಳಿದವರಿಲ್ಲ. ಮೀನು ಬಿಡುವುದನ್ನು ನಾನೇ ಶುರುಮಾಡಿಕೊಂಡಿದ್ದೆ, ಮುಗಿಸುವುದು ಮಾತ್ರ ನನ್ನ ಕೈಯಲ್ಲಿರಲಿಲ್ಲ.

"ವಿಚಾರಿಸಿ ಹೇಳುತ್ತೇನೆ" ಎಂದೆ.

ಹಾಜಿಯವರು ಗಿರಾಕಿಯನ್ನು ಕರೆದುಕೊಂಡು ಹೊರಗೆ ಹೋದರು. ಬಾಗಿಲ ಹತ್ತಿರ ತಿರುಗಿ, "ಫೋನ್ ಮಾಡಿ ನೀವು. ಈಗಲೇ. ಸಿಟ್ಟು ಮತ್ತೆ ಮಾಡುವಾ" ಎಂದರು.

ಅಡುಗೆಕೋಣೆಯಲ್ಲಿ ಒಬ್ಬಳೇ ಉಳಿದೆ. ತಟ್ಟೆಗಳು ತಣ್ಣಗಾಗುತ್ತಿದ್ದವು. ಅತ್ತೆಗೆ ಮಾಡಲು ಧೈರ್ಯವಾಗಲಿಲ್ಲ. ಗಂಡನ ಅಕ್ಕನಿಗೆ ಮಾಡಿದೆ. ಆ ಮನೆಯಲ್ಲಿ ನನ್ನ ಜೊತೆ ಜಗಳವಾಡಿ ಮತ್ತೆ ಮಾತಾಡುತ್ತಿದ್ದವರು ಅವರೊಬ್ಬರೇ. ಉಳಿದವರು ಜಗಳವನ್ನೂ ಆಡುತ್ತಿರಲಿಲ್ಲ.

"ಯಾರ್?" ಎಂದರು.

"ನಾನ್, ಅತ್ತಿಗೆ. ದುಬೈದಿಂದ."

ಆ ಕಡೆ ಹಿನ್ನೆಲೆಯಲ್ಲಿ ಟೀವಿಯ ಸದ್ದು ಕೇಳಿಸುತ್ತಿತ್ತು. ಅವರು ಎದ್ದು ಹೋಗಿ ಅದನ್ನು ಆರಿಸಿದರು.

"ಈಗ ನೆನ್ಪಾಯ್ತಾ ಹೆಣೇ ನಿಂಗೆ?"

ಹೆಣೇ ಎಂದರೆ ನಮ್ಮ ಕಡೆ ಹೆಂಗಸರನ್ನು ಸಲುಗೆಯಿಂದ ಕರೆಯುವ ಮಾತು. ಅವರ ಪ್ರಶ್ನೆಗೆ ನನ್ನ ಬಳಿ ಉತ್ತರ ರೆಡಿ ಇತ್ತು. ನಿಮಗೆ ನೆನಪಾಯಿತೇ, ನನ್ನನ್ನು ಫೋಟೋದಿಂದ ಕತ್ತರಿಸುವಾಗ ನಿಮಗೆ ನೆನಪಾಯಿತೇ ಎಂದು ಕೇಳುವುದೆಂದು ಎಷ್ಟೋ ದಿನದಿಂದ ಹಲ್ಲು ಕಚ್ಚಿ ಕಾದಿದ್ದೆ. ಆದರೆ ಕೇಳಬೇಕಾದದ್ದು ಬೇರೆಯೇ ಇತ್ತು.

"ಬೊಜ್ಜ ಯಾವತ್ತಿಗೆ ಇಟ್ಕಂಡಿದ್ರಿ ಅಂತ ಕೇಂಬುಕೆ ಮಾಡ್ದೆ."

"ಅದೆಂತಕ್ಕೆ ನಿಂಗೆ?"

"ಮೀನ್ ಬಿಟ್ಟಿದ್ದೆ, ಅತ್ತಿಗೆ. ಯಾವತ್ ತಿಂಬುದ್ ಅಂತ ಗೊತ್ತಿಲ್ಲ."

ಕರೆ ಕಟ್ಟಾಯಿತೇನೋ ಎಂದು ಮೊಬೈಲನ್ನು ಕಿವಿಯಿಂದ ತೆಗೆದು ನೋಡಿದೆ.

"ಬೊಜ್ಜ ಆಯ್ತಲೆ ಹೆಣೇ" ಎಂದರು. ದನಿ ಇಳಿದಿತ್ತು. "ಬೇಗ ಮುಗ್ಸಿದ್ರ್. ಬೊಂಬಾಯಿಂದ ಬಂದವರಿಗೆಲ್ಲ ರಜೆ ಇಲ್ಲ ಅಂದ್ರ್, ಬೋಟಿನವರಿಗೂ ಕಡಲಿಗೆ ಹೋಪುಕೆ ಆತಿಲ್ಲ ಅಂದ್ರ್. ಎಲ್ಲ ಮುಗ್ದ್ ಮೀನೂ ಮಾಡಿ ಆಯ್ತ್. ನಾನೂ ತಿಂದೆ. ಅಮ್ಮನೂ ತಿಂದ್ರ್."

"ಹೌದಾ" ಎಂದೆ.

"ನೀನ್ ಇನ್ನೂ ಬಿಟ್ಕಂಡ್ ಇದ್ಯಾ?"

"ಹೌದ್."

ಅವರು ಅಳತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ತಮ್ಮನಿಗೋಸ್ಕರ ಅತ್ತರೋ ನನಗೋಸ್ಕರವೋ ತಿಳಿಯಲಿಲ್ಲ. ನಾನು ಗೋಡೆಗೆ ಒರಗಿ ಕೇಳುತ್ತಾ ನಿಂತೆ. ಹೆತ್ತ ತಾಯಿ ತಿಂದಾಗಿತ್ತು, ಒಡಹುಟ್ಟಿದವರು ತಿಂದಾಗಿತ್ತು, ಜೊತೆಗೆ ಬೋಟಿನಲ್ಲಿ ಹೋಗುತ್ತಿದ್ದವರು ತಿಂದು ಕೈತೊಳೆದು ಕಡಲಿಗೂ ಹೋಗಿಯಾಗಿತ್ತು. ಅವರ ಹೆಸರಿನಲ್ಲಿ ಇನ್ನೂ ಮೀನು ಬಿಟ್ಟಿದ್ದವಳು ನಾನೊಬ್ಬಳೇ. ಬಿಟ್ಟು ಬಂದವಳು, ಶ್ರದ್ಧಾಂಜಲಿಯ ಸಾಲಿನಲ್ಲೂ ಪಟದಲ್ಲೂ ಇಲ್ಲದವಳು. ನನಗೆ ದುಃಖವಾಯಿತು. ಸುಳ್ಳೇಕೆ ಹೇಳಲಿ, ದುಃಖದ ಜೊತೆ ಒಂದು ಹೆಮ್ಮೆಯೂ ಆಯಿತು. ಆ ಹೆಮ್ಮೆಯನ್ನು ಹಂಚಿಕೊಳ್ಳಬೇಕಾದ ಮನುಷ್ಯ ಇಲ್ಲವೆಂದು ಹೊಳೆದ ಮೇಲೆ ನನ್ನ ಕಣ್ಣೂ ಒದ್ದೆಯಾಯಿತು. ಸುದ್ದಿ ಓದಿದ ದಿನದಿಂದ ನಾನು ಅತ್ತಿರಲಿಲ್ಲ.

ಅತ್ತಿಗೆ ಮೂಗು ಒರೆಸಿಕೊಂಡರು. "ಸಾಕ್ ಮಗಾ, ಎಲ್ಲ ಮುಗೀತ್" ಎಂದರು. "ಇವತ್ ತಿನ್ನ್."

"ನಾಳೆ ತಿಂತೆ, ಅತ್ತಿಗೆ" ಎಂದೆ. "ಇವತ್ತೊಂದಿನ ಇರ್ಲಿ."